ಇನ್ನೂರು ವರ್ಷದ ಹಳೆಯ ಅರ್ಜಿಯನ್ನು ಓದುವುದು ಹೇಗೆ?

1811ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಫಾಕಿಯರ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ರಾಜಧಾನಿ ರಿಚ್ಮಂಡ್‌ಗೆ ಒಂದು ಅರ್ಜಿ ಹೋಯಿತು. ಅರ್ಜಿದಾರನ ಹೆಸರು ಸ್ಯಾಮ್ಯುಯೆಲ್ ಜಾನ್ಸನ್. ವಾರೆಂಟನ್ ಎಂಬ ಪುಟ್ಟ ಊರಿನ ಟ್ಯಾವರ್ನ್‌ನಲ್ಲಿ, ಅಂದರೆ ಊಟ, ಹೆಂಡ, ತಂಗಲು ಜಾಗ ಸಿಗುವ ಛತ್ರದಂಥ ಕಡೆ, ದುಡಿಯುತ್ತಿದ್ದ ಕಪ್ಪು ಗುಲಾಮ. ತನ್ನ ಬಿಡುಗಡೆಗೆ ಬೇಕಾದ ಹಣವನ್ನು ತಾನೇ ಕೂಡಿಸಿದ್ದ. ಆದರೆ 1806ರ ಕಾನೂನಿನ ಪ್ರಕಾರ ಬಿಡುಗಡೆಯಾದ ಗುಲಾಮ 12 ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು, ಉಳಿದುಕೊಂಡರೆ ಮತ್ತೆ ಮಾರಾಟ. ಹಾಗಾಗಿ ಬಿಡುಗಡೆಗೆ ಮೊದಲೇ ಅವನು ಶಾಸನಸಭೆಯನ್ನು ಕೇಳಿಕೊಂಡ: ಸ್ವತಂತ್ರನಾದ ಮೇಲೂ ನನ್ನನ್ನು ಇದೇ ಊರಿನಲ್ಲಿ ಇರಲು ಬಿಡಿ.

ಇಂಥ ಸುಮಾರು 25,000 ಅರ್ಜಿಗಳು ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ. 1770ರ ದಶಕದಿಂದ 1865ರವರೆಗಿನವು. ಅವುಗಳ ಚಿತ್ರಗಳನ್ನು ಮನೆಯಲ್ಲೇ ಕುಳಿತು, ದುಡ್ಡು ಕೊಡದೆ ನೋಡಬಹುದು. ಇತಿಹಾಸದ ವಿದ್ಯಾರ್ಥಿಗಳು ಮಾತ್ರವಲ್ಲ, ಸಾಮಾನ್ಯ ಓದುಗರೂ ಇವನ್ನು ಒಮ್ಮೆ ಕೈಯಾರೆ ತೆರೆದು ನೋಡಬೇಕು ಎನ್ನುವುದು ನನ್ನ ಆಸೆ. ಆ ರಾಜ್ಯದಲ್ಲಿ ಬಿಳಿಯ ಗಂಡಸರೆಲ್ಲರಿಗೂ ಮತದಾನದ ಹಕ್ಕು ಸಿಕ್ಕಿದ್ದೇ 1851ರಲ್ಲಿ. ಹೆಂಗಸರಿಗೆ, ಕಪ್ಪು ಜನರಿಗೆ ಆಗಲೂ ಇಲ್ಲ. ಮತವಿಲ್ಲದವರ ಮಾತು ಸರ್ಕಾರದ ಕಡತದೊಳಗೆ ಹೊಕ್ಕಿದ್ದು ಹೆಚ್ಚಾಗಿ ಈ ಅರ್ಜಿಗಳ ಮೂಲಕವೇ.

ಮೊದಲು ಕೌಂಟಿ ಹಿಡಿಯಿರಿ

ಅರ್ಜಿಗಳನ್ನು ಜೋಡಿಸಿರುವುದು ಕೌಂಟಿವಾರು, ಅದರೊಳಗೆ ದಿನಾಂಕವಾರು. ಒಂದೇ ಕೌಂಟಿ, ಹತ್ತು ವರ್ಷದ ಅವಧಿ, ಇಷ್ಟಕ್ಕೆ ನಿಲ್ಲಿಸಿಕೊಳ್ಳಿ. ಇಡೀ ರಾಜ್ಯಕ್ಕೆ ಕೈ ಹಾಕಿದರೆ ತಲೆಬುಡ ಸಿಗುವುದಿಲ್ಲ. ಒಂದು ಎಚ್ಚರಿಕೆ: ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾದದ್ದು 1863ರಲ್ಲಿ. ಅದಕ್ಕೂ ಹಿಂದಿನ ಕನಾವ ಕೌಂಟಿಯಂಥವುಗಳ ಅರ್ಜಿಗಳನ್ನು ಹಳೆಯ ವರ್ಜೀನಿಯಾದ ಸಂಗ್ರಹದಲ್ಲೇ ಹುಡುಕಬೇಕು.

ವಿಷಯಗಳನ್ನು ಕಂಡು ಬೆರಗಾಗಬೇಡಿ. ದೋಣಿಗಟ್ಟೆಗೆ ಪರವಾನಗಿ, ಹೊಸ ರಸ್ತೆ, ಕೌಂಟಿಯನ್ನು ಎರಡು ಮಾಡುವುದು, ಮೀನು ಹತ್ತಿ ಬರದಂತೆ ನದಿಗೆ ಅಡ್ಡ ಕಟ್ಟಿದ ಗಿರಣಿಯ ಒಡ್ಡು, ಕೊನೆಗೆ ವಿಚ್ಛೇದನ ಕೂಡ ಶಾಸನಸಭೆಯ ಮುಂದೆಯೇ ಬರುತ್ತಿತ್ತು. ಸಭೆ ವಿಚ್ಛೇದನ ಕೊಡುವಂತಿಲ್ಲ ಎಂದಾದದ್ದು 1851ರ ಸಂವಿಧಾನದಿಂದ.

ಬೆನ್ನಿನಿಂದ ಓದಿ

ಚಿತ್ರ ತೆರೆದೊಡನೆ ಮೊದಲ ಪುಟಕ್ಕೆ ಹೋಗಬೇಡಿ. ಅರ್ಜಿಯನ್ನು ಉದ್ದುದ್ದ ಮಡಿಚಿ ಕಟ್ಟಿಡುತ್ತಿದ್ದರು. ಮಡಿಕೆಯ ಹೊರಮೈಯಲ್ಲಿ, ಅಂದರೆ ಹಾಳೆಯ ಹಿಂಬದಿಯ ಒಂದು ಪಟ್ಟಿಯಲ್ಲಿ, ಗುಮಾಸ್ತನ ಟಿಪ್ಪಣಿ ಇರುತ್ತದೆ: ಯಾರ ಅರ್ಜಿ, ಯಾವ ಕೌಂಟಿ, ಸಭೆಯ ಮುಂದೆ ಬಂದ ದಿನ, ಯಾವ ಸಮಿತಿಗೆ ಹೋಯಿತು. ಅದರ ಕೆಳಗೆ, ಎಷ್ಟೋ ಸಲ ಬೇರೆ ಶಾಯಿಯಲ್ಲಿ, ಒಂದೋ ಎರಡೋ ಪದ. ‘ರೀಸನಬಲ್’ ಎಂದಿದ್ದರೆ ಸಮಿತಿ ಕೋರಿಕೆಯನ್ನು ಒಪ್ಪಿದೆ. ‘ಬಿಲ್ ಡ್ರಾನ್’ ಎಂದರೆ ಮಸೂದೆ ಬರೆದಾಯಿತು. ‘ರಿಜೆಕ್ಟೆಡ್’ ಎಂದರೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿರುವ ತಾರೀಖು ಅರ್ಜಿ ಬರೆದ ದಿನವಲ್ಲ, ಸಭೆಗೆ ಮುಟ್ಟಿದ ದಿನ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಸಭೆ ಸೇರುತ್ತಿದ್ದುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಹಾಗಾಗಿ ಡಿಸೆಂಬರ್ ತಾರೀಖಿನ ಅರ್ಜಿಗೆ ಹಳ್ಳಿಯಲ್ಲಿ ಸಹಿ ಬಿದ್ದದ್ದು ಬೇಸಿಗೆಯಲ್ಲೋ ಸುಗ್ಗಿಯಲ್ಲೋ ಇರಬಹುದು.

ಆಮೇಲೆ ಹೆಸರುಗಳು

ಇಲ್ಲಿ ಆತುರ ಬೇಡ. ಒಂದು ಇಡೀ ಸಂಜೆ ಕೊಟ್ಟರೂ ನಷ್ಟವಿಲ್ಲ.

ಕೌಂಟಿಯ ಕೋರ್ಟು ತಿಂಗಳಿಗೊಮ್ಮೆ ಸೇರುತ್ತಿತ್ತು. ಅಂದು ಊರಿಗೆಲ್ಲ ಸಂತೆಯಿದ್ದ ಹಾಗೆ: ಕುದುರೆ ಮಾರುವವರು, ಸಾಲ ತೀರಿಸುವವರು, ವ್ಯಾಜ್ಯದವರು, ಸುಮ್ಮನೆ ಸುದ್ದಿ ಕೇಳಲು ಬಂದವರು. ಅರ್ಜಿ ಹಿಡಿದವನಿಗೆ ಅದೇ ಸರಿಯಾದ ದಿನ. ಗಿರಣಿ, ಚರ್ಚು, ಟ್ಯಾವರ್ನ್‌ಗಳಲ್ಲೂ ಸಹಿ ಸಂಗ್ರಹ ನಡೆಯುತ್ತಿತ್ತು. ಒಂದೇ ಅರ್ಜಿಯ ನಾಲ್ಕೈದು ಪ್ರತಿ ಬರೆದು ಬೇರೆ ಬೇರೆ ದಿಕ್ಕಿಗೆ ಕಳಿಸಿ, ಕೊನೆಗೆ ಹಾಳೆಗಳನ್ನು ಒಂದಕ್ಕೊಂದು ಅಂಟಿಸುವುದೂ ಇತ್ತು. ಅಂಟಿಸಿದ ಗೆರೆ ಚಿತ್ರದಲ್ಲಿ ಕಂಡರೆ ಅಲ್ಲೊಂದು ಗುರುತು ಹಾಕಿಕೊಳ್ಳಿ. ಗೆರೆಯ ಮೇಲಿನವರು ಒಂದು ದಿಕ್ಕಿನವರು, ಕೆಳಗಿನವರು ಇನ್ನೊಂದು ದಿಕ್ಕಿನವರು ಇದ್ದಾರು.

ಸಹಿಗಳ ಸಾಲನ್ನು ದೊಡ್ಡದು ಮಾಡಿ ನೋಡಿ. ಒಬ್ಬ ಒತ್ತಿ ಬರೆದಿದ್ದಾನೆ, ಮಸಿ ಹರಡಿದೆ. ಇನ್ನೊಬ್ಬ ಬಾಲ ಸುತ್ತಿಸಿ, ಅಂದ ಮಾಡಿ ಬರೆದಿದ್ದಾನೆ. ಮಧ್ಯೆ ಒಂದು ಅಡ್ಡಾದಿಡ್ಡಿ ಗುಣಾಕಾರದ ಗುರುತು, ಅದರ ಆಚೀಚೆ ಬೇರೆಯವರ ಕೈಬರಹದಲ್ಲಿ ಹೆಸರು. ಅಕ್ಷರ ಬಾರದವನ ಸಹಿ ಅದು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಅಲ್ಲಿ ಈ ಗೀಟು. ಹತ್ತು ಹೆಸರು ಒಂದೇ ಕೈಬರಹದಲ್ಲಿದ್ದರೆ ಕೂಡಲೇ ಮೋಸ ಎನ್ನಬೇಡಿ. ನೆರೆಯವರು ಹೇಳಿದ್ದನ್ನು ಒಬ್ಬ ಬರೆದುಕೊಂಡಿರಬಹುದು, ಹರಿದ ಪಟ್ಟಿಯನ್ನು ನಕಲು ಮಾಡಿರಬಹುದು.

ಹೆಸರುಗಳ ಸಂಕ್ಷೇಪ ಕಲಿತುಕೊಳ್ಳಿ. ಡಬ್ಲ್ಯು-ಎಂ ಎಂದರೆ ವಿಲಿಯಂ, ಜೆ-ಎ-ಎಸ್ ಜೇಮ್ಸ್, ಜೆ-ಎನ್-ಒ ಎಂದರೆ ಜಾನ್. ಎಸ್ ಅಕ್ಷರ ಜೋಡಿಯಾಗಿ ಬಂದಲ್ಲಿ ಮೊದಲನೆಯದು ಎಫ್‌ನಂತೆ ಕಾಣುತ್ತದೆ.

ಹೆಸರು ಬಿಡಿಸಿಕೊಂಡ ಮೇಲೆ ತೆರಿಗೆ ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿ. ವರ್ಜೀನಿಯಾದ ಭೂಕಂದಾಯದ ಪಟ್ಟಿಗಳು 1782ರಿಂದ ಇವೆ. ಯಾರಿಗೆ ಎಷ್ಟು ಎಕರೆ ಎಂದು ಅಲ್ಲಿ ತಿಳಿಯುತ್ತದೆ. ಜನಗಣತಿ ಅಷ್ಟು ನೆರವಾಗದು. 1850ಕ್ಕೆ ಮೊದಲು ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. ಗಿರಣಿಯ ಒಡ್ಡು ಬೇಡವೆಂದವರ ಜಮೀನು ನದಿಯ ಮೇಲ್ಭಾಗದಲ್ಲಿದೆಯೆಂದು ತಿಳಿದರೆ, ಅರ್ಜಿಯ ಅರ್ಧ ಜಗಳ ಅಲ್ಲೇ ಅರ್ಥವಾದಂತೆ.

ಒಕ್ಕಣೆ ಕೊನೆಗೆ

ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಬಹುತೇಕ ಎಲ್ಲ ಅರ್ಜಿಗಳಲ್ಲೂ ಒಂದೇ: ಮಾನ್ಯ ಸಭಾಧ್ಯಕ್ಷರಿಗೆ ಕೆಳಗೆ ಸಹಿ ಮಾಡಿದ ಪ್ರಜೆಗಳ ವಿನಮ್ರ ಬಿನ್ನಹ, ಮತ್ತು ನಿಮಗಾಗಿ ಸದಾ ಪ್ರಾರ್ಥಿಸುವೆವು. ಈ ವಿನಯವನ್ನು ಹೆದರಿಕೆ ಎಂದುಕೊಳ್ಳಬೇಡಿ, ಅದು ಆ ಕಾಲದ ಅರ್ಜಿಯ ಮಾದರಿ. ನೀವು ಹುಡುಕಬೇಕಾದದ್ದು ಮಾದರಿ ಮುರಿದ ಜಾಗ: ಕೋರ್ಟಿಗೆ ಎಷ್ಟು ಮೈಲಿ, ಯಾವ ಹೊಳೆ ಅಡ್ಡ, ಯಾರಿಗೆ ಏನು ಭಯ.

ಆಗಸ್ಟಾ ಕೌಂಟಿಯ ಹೆಂಗಸರ ಅರ್ಜಿಯನ್ನು ಹೀಗೆ ಓದಿ ನೋಡಿ. 1831ರ ಆಗಸ್ಟ್‌ನಲ್ಲಿ ಸೌತಾಂಪ್ಟನ್ ಕೌಂಟಿಯಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರು ದಂಗೆ ಎದ್ದಿದ್ದರು. ಕೆಲವೇ ತಿಂಗಳಲ್ಲಿ, 1832ರ ಜನವರಿಯಲ್ಲಿ, ಆಗಸ್ಟಾದ 215 ಹೆಂಗಸರು ಗುಲಾಮಗಿರಿಯನ್ನು ಕೊನೆಗಾಣಿಸಿ ಎಂದು ಸಭೆಗೆ ಬರೆದರು. ಗುಲಾಮರ ಮೇಲಿನ ಕರುಣೆಗಿಂತ ತಮ್ಮ ಮನೆ ಮಕ್ಕಳ ಮೇಲಿನ ಭಯ ಆ ಒಕ್ಕಣೆಯಲ್ಲಿ ಎದ್ದು ಕಾಣುತ್ತದೆ. ಆ ಭಯವನ್ನು ಇದ್ದ ಹಾಗೇ ಓದಿ, ಇವತ್ತಿನ ನಮ್ಮ ಆದರ್ಶವನ್ನು ಅವರ ಬಾಯಿಗೆ ತುರುಕಬೇಡಿ.

ಒಂದೇ ಅರ್ಜಿಗೆ ನಿಲ್ಲಬೇಡಿ

ಕೌಂಟಿ ಒಡೆಯಿರಿ ಎಂಬ ಅರ್ಜಿಯ ಹಿಂದೆಯೇ ಒಡೆಯಬೇಡಿ ಎಂಬ ಪ್ರತಿ-ಅರ್ಜಿ ಬಂದಿರುತ್ತದೆ. ಒಂದೆರಡು ವರ್ಷ ಹಿಂದೆ ಮುಂದೆ ತಡಕಿ. ಹಿಂಬದಿಯ ತಾರೀಖು ಹಿಡಿದು, ಕೆಳಮನೆಯಾದ ಹೌಸ್ ಆಫ್ ಡೆಲಿಗೇಟ್ಸ್‌ನ ಮುದ್ರಿತ ನಡಾವಳಿಗೆ, ಅಲ್ಲಿಂದ ಆ ವರ್ಷದ ಕಾಯ್ದೆಗಳ ಸಂಪುಟಕ್ಕೆ ಹೋಗಿ.

ಜಾನ್ಸನ್‌ನ ಜಾಡು ಹಿಡಿದರೆ ಈ ಹೆಜ್ಜೆ ಯಾಕೆ ಬೇಕೆಂದು ತಿಳಿಯುತ್ತದೆ. 1812ರಲ್ಲಿ ಸಭೆ ಅವನಿಗೆ ಅನುಮತಿ ಕೊಟ್ಟಿತು, ಅವನು ಸ್ವತಂತ್ರನಾದ. ಅಲ್ಲಿಗೇ ನಿಂತರೆ ಸುಖಾಂತ್ಯ. ಮುಂದಿನ ವರ್ಷಗಳ ಅರ್ಜಿಗಳನ್ನು ತೆರೆಯಿರಿ: ಅವನು ಹಣ ಕೊಟ್ಟು ಹೆಂಡತಿ ಪ್ಯಾಟಿಯನ್ನೂ ಮಕ್ಕಳನ್ನೂ ಕೊಂಡುಕೊಂಡಿದ್ದಾನೆ. ಬಿಡುಗಡೆ ಮಾಡಿದರೆ ಅವರು ರಾಜ್ಯ ಬಿಡಬೇಕು. ಹಾಗಾಗಿ ಸ್ವಂತ ಹೆಂಡತಿ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಅವನ ಗುಲಾಮರಾಗಿಯೇ ಉಳಿದಿದ್ದಾರೆ. ಅವರಿಗೂ ಇರಲು ಅನುಮತಿ ಕೊಡಿ ಎಂದು ಮತ್ತೆ ಮತ್ತೆ ಬರೆದ. ಬಿಳಿಯ ನೆರೆಹೊರೆಯವರು ಅವನ ಪರವಾಗಿ ಸಹಿ ಹಾಕಿದರು. ಸಭೆ ಒಪ್ಪಲಿಲ್ಲ.

ಹುಡುಕುವಾಗ ಜಾನ್ಸನ್ ಎಂದಷ್ಟೇ ಬರೆದರೆ ಎಲ್ಲವೂ ಸಿಗುವುದಿಲ್ಲ. ಅದೇ ಮನುಷ್ಯ ಕೆಲವು ಹಾಳೆಗಳಲ್ಲಿ ಜಾನ್‌ಸ್ಟನ್ ಆಗಿದ್ದಾನೆ, ಆ ಹೆಸರಿನಲ್ಲೂ ಹುಡುಕಿ.