ಕೂಡಿ ಬರೆಯುವ ತಂತ್ರಾಂಶವನ್ನು ಕನ್ನಡದಲ್ಲಿ ಪರೀಕ್ಷಿಸುವುದು ಹೇಗೆ?

ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದುವ ತಂತ್ರಾಂಶ ಇಂಗ್ಲಿಷಿನಲ್ಲಿ ಸಲೀಸಾಗಿ ನಡೆಯಿತೆಂದು ಕನ್ನಡದಲ್ಲೂ ನಡೆಯುತ್ತದೆ ಎಂದು ನಂಬಬೇಡಿ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ವ್ಯವಸ್ಥೆಯಲ್ಲಿ ಅದು 6 ಸಂಕೇತ: ಸ, ್, ತ, ್, ರ, ೀ. ಹಲವರ ತಿದ್ದುಪಡಿಗಳನ್ನು ಸೇರಿಸುವಾಗ ತಂತ್ರಾಂಶ ಬೆಸೆಯುವುದು ಸಾಮಾನ್ಯವಾಗಿ ಅಕ್ಷರಗಳನ್ನಲ್ಲ, ಈ ಸಂಕೇತಗಳನ್ನೇ.

ಜನರನ್ನು ಕರೆಯುವ ಮೊದಲು ನೀವೇ ಇಬ್ಬರು ಕೂತು ನೋಡಿ. ಕೀಲಿಮಣೆ ಇನ್‌ಸ್ಕ್ರಿಪ್ಟ್ (ಸಾಮಾನ್ಯವಾಗಿ ಒಂದೊಂದು ಕೀಲಿಗೆ ಒಂದೊಂದು ಕನ್ನಡ ಚಿಹ್ನೆ ಬರುವ ವಿನ್ಯಾಸ) ಇರಲಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರದ ಕೆಲವು ಕೀಲಿಮಣೆಗಳು ಪದ ಮುಗಿಯುವವರೆಗೆ ಹಿಡಿದಿಟ್ಟುಕೊಂಡು ಒಮ್ಮೆಲೇ ಕಳಿಸುವುದರಿಂದ ದೋಷ ಮುಚ್ಚಿಹೋಗಬಹುದು. ‘ಸ್ತ್ರೀ’ ಎಂದು ಬರೆದು, ಎರಡೂ ಪರದೆಯಲ್ಲಿ ಬಂದ ಮೇಲೆ ಎರಡನೆಯ ಕಂಪ್ಯೂಟರಿನ ವೈಫೈ ಆರಿಸಿ. ಮೊದಲನೆಯವರು ಪದವನ್ನು ಅಳಿಸಿ ‘ಮಹಿಳೆ’ ಎಂದು ಬರೆಯಲಿ. ಎರಡನೆಯವರು ‘ಸ್ತ್ರೀ’ಯ ಕೊನೆಯಲ್ಲಿ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ, ‘ೀ’ ಹೋದ ಮೇಲೆ ಬರೀ ಗುಡಿಸು (ಿ) ಕೊಡಲಿ. ಈಗ ವೈಫೈ ಹಾಕಿ. ಹಳೆಯ 6 ಸಂಕೇತಗಳೂ ಹೋಗಿ, ಎರಡನೆಯವರ ಗುಡಿಸೊಂದೇ ‘ಮಹಿಳೆ’ಯ ಹಿಂದೋ ಮುಂದೋ ಚುಕ್ಕೆವೃತ್ತಕ್ಕೆ (ಅಕ್ಷರದ ಆಸರೆಯಿಲ್ಲದ ಚಿಹ್ನೆಯ ಜೊತೆ ಕಾಣುವ ಚುಕ್ಕೆಗಳ ಉಂಗುರ) ಜೋತುಬಿದ್ದಿದ್ದರೆ ತಂತ್ರಾಂಶ ಸೋತಂತೆ. ಎರಡೂ ಪರದೆಯಲ್ಲಿ ಪಠ್ಯ ಒಂದೇ ಆಗಿರುವುದರಿಂದ ಎರಡೂ ಹೊಂದುತ್ತವೆಯೇ ಎಂದಷ್ಟೇ ನೋಡುವ ಸ್ವಯಂಚಾಲಿತ ಪರೀಕ್ಷೆ ಇದನ್ನು ‘ಸರಿ’ ಎಂದೇ ದಾಟಿಸುತ್ತದೆ. ಕನ್ನಡ ಓದಬಲ್ಲ ಕಣ್ಣು ಬೇಕೇ ಬೇಕು.

ಇನ್ನು ಗುಂಪಿನ ಪರೀಕ್ಷೆ. ಮೂವರ ಮೂರು ಗುಂಪುಗಳಿಂದ ಶುರು ಮಾಡಬಹುದು. ಒಂದು ಗುಂಪಿನ ಮೂವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮಾತಿಗೆ ಫೋನ್ ಕೊಡಿ. ಒಂದೇ ಮೇಜಿಗೆ ಕೂರಿಸಿದರೆ ಪಕ್ಕದವರ ಪರದೆ ಇಣುಕಿ ತಂತ್ರಾಂಶದ ಕೊರತೆಯನ್ನು ತಾವೇ ತುಂಬಿಕೊಂಡುಬಿಡುತ್ತಾರೆ. 40 ನಿಮಿಷದಲ್ಲಿ ಒಂದು ಪುಟದ ಆಹ್ವಾನಪತ್ರಿಕೆ ಸಿದ್ಧವಾಗಬೇಕು. ಮೂರೂ ಪರದೆಗಳನ್ನು ಧ್ವನಿಸಹಿತ ರೆಕಾರ್ಡ್ ಮಾಡಿ. ಶುರುವಿನಲ್ಲಿ ಫೋನಿನಲ್ಲೇ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಧ್ವನಿ ಹಿಡಿದು ಮೂರನ್ನೂ ಹೊಂದಿಸಬಹುದು. ‘ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತಿರಿ’ ಎಂದು ಕೇಳುವ ಅಗತ್ಯವಿಲ್ಲ, ಗುಂಪಿನಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

‘ನೀವೀಗ ಯಾವ ಸಾಲಲ್ಲಿದ್ದೀರಿ?’, ‘ಅದು ಬಿಡಿ, ನಾನು ಮಾಡ್ತಿದ್ದೀನಿ’. ಇಂಥ ಮಾತು ಎಷ್ಟು ಸಲ ಬಂತೆಂದು ಎಣಿಸಿ. ಯಾರು ಎಲ್ಲಿದ್ದಾರೆಂದು ಪರದೆ ಹೇಳುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಸಿಗುವುದಿಲ್ಲ. ಅನ್‌ಡು (ಮಾಡಿದ್ದನ್ನು ರದ್ದುಮಾಡುವ ಆಜ್ಞೆ) ಒತ್ತಿದಾಗ ತಮ್ಮದರ ಬದಲು ಬೇರೆಯವರ ಸಾಲು ಮಾಯವಾಯಿತೇ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಕೊನೆಯ ಸಂದರ್ಶನದಲ್ಲಿ ಮೂವರನ್ನೂ ಒಟ್ಟಿಗೆ ಕೇಳಬೇಡಿ. ಗಟ್ಟಿ ದನಿಯವರ ಅಭಿಪ್ರಾಯವೇ ಎಲ್ಲರದಾಗುತ್ತದೆ. ಹೆಚ್ಚು ಕೆಲಸ ಮಾಡುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರಾದಾಗ ಇಂಥ ತಂತ್ರಾಂಶಗಳು ಸೋಲುತ್ತವೆ ಎಂದು ಕೂಡಿ ಕೆಲಸ ಮಾಡುವ ತಂತ್ರಾಂಶಗಳ ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲೇ ತೋರಿಸಿದ್ದರು. ಹಾಗಾಗಿ ಕಡತದಲ್ಲಿ ಇತರರು ಹಾಕಿದ ಟಿಪ್ಪಣಿಗಳನ್ನು ಒಂದೊಂದಾಗಿ ನೋಡಿ ಮುಗಿಸಿದವರು, ಪುಟ ಒಪ್ಪ ಮಾಡಿದವರು ಯಾರೆಂದು ರೆಕಾರ್ಡಿಂಗಿನಲ್ಲಿ ಹುಡುಕಿ, ಮೊದಲು ಅವರನ್ನು ಮಾತನಾಡಿಸಿ.