ಸರ್ವೆಯವರು ಬರುವ ಮುಂಚೆ ನಿಮ್ಮದೇ ಫೈಲ್ ಮಾಡಿಕೊಳ್ಳಿ

ಅಣೆಕಟ್ಟು, ಹೆದ್ದಾರಿ ಅಂತ ಮನೆ ಕಳೆದುಕೊಳ್ಳುವವರಿಗೆ ನಾನು ಅರ್ಜಿ ಬರೆದುಕೊಡುತ್ತೇನೆ. ಶುರುವಾಗಿದ್ದು ನಮ್ಮ ಮನೆಯಿಂದಲೇ. ಸರ್ವೆಯವರು ಹತ್ತು ನಿಮಿಷ ಇದ್ದು ಹೋದರು. ಹಿತ್ತಲ ಬಾವಿ ಪರಿಹಾರದ ಪಟ್ಟಿಗೆ ಬರಲೇ ಇಲ್ಲ. ಅಪ್ಪ ಓದದೆ ಸಹಿ ಹಾಕಿಬಿಟ್ಟಿದ್ದರು.

ಮೊದಲು ಕಟ್-ಆಫ್ ದಿನಾಂಕ, ಅಂದರೆ ಪರಿಹಾರಕ್ಕೆ ಯಾರನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ ಅನ್ನುವುದಕ್ಕೆ ಕೊನೆಯ ದಿನ, ಯಾವುದು ಅಂತ ಕೇಳಿ, ಬರಹದಲ್ಲೇ ಪಡೆಯಿರಿ. ಅದಾದ ಮೇಲೆ ಬಂದು ನೆಲೆಸಿದವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಆಮೇಲೆ ಟೇಪು ಹಿಡಿದು ಮನೆ ಸುತ್ತಿ. ಬಾವಿಯ ಬಾಯಿಗೆ ಟೇಪು ಅಡ್ಡ ಹಿಡಿದು, ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ. ಆಳಕ್ಕೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದ ಗುರುತಿನ ಸಮೇತ ಅಳೆಯಿರಿ. ಮರಗಳನ್ನು ಎಣಿಸಿ, ಕಾಂಡದ ಸುತ್ತಳತೆ ಬರೆಯಿರಿ. ಮೇವಿನ ಜಾಗ, ಮೀನು ಹಿಡಿಯುವ ಕಡೆ, ಬಾಡಿಗೆ, ದಿನದ ವ್ಯಾಪಾರ ಎಲ್ಲವೂ ಬರಲಿ. ಜಾಸ್ತಿ ಬಿಟ್ಟುಹೋಗುವುದು ಇವೇ. ಒಂದು ಪ್ರತಿ ಬೇರೆ ಊರಿನ ನೆಂಟರ ಹತ್ತಿರ ಇಡಿ.

ದುಡ್ಡು ಯಾರದ್ದು ಅಂತಲೂ ವಿಚಾರಿಸಿ. ವಿಶ್ವ ಬ್ಯಾಂಕಿನ ಸಾಲವಿದ್ದರೆ ಅದರ 5ನೇ ಪರಿಸರ-ಸಾಮಾಜಿಕ ಮಾನದಂಡ (ನೆಲ ತೆಗೆದುಕೊಂಡು ಜನರನ್ನು ಎಬ್ಬಿಸುವಾಗ ಪಾಲಿಸಬೇಕಾದ ನಿಯಮ) ಅನ್ವಯಿಸಬಹುದು. ಅದರಲ್ಲಿ ಹೊಸದಾಗಿ ಕಟ್ಟಲು ಎಷ್ಟು ಬೇಕೋ ಅಷ್ಟು ಕೊಡಬೇಕು. "ಮನೆ ಹಳೇದು" ಅಂತ ಸವಕಳಿ ಕಳೆಯುವ ಹಾಗಿಲ್ಲ. ಹಕ್ಕುಪತ್ರ ಇಲ್ಲದವರಿಗೆ ನೆಲದ ಬೆಲೆ ಸಿಗದಿದ್ದರೂ, ಕಟ್ಟಿಕೊಂಡ ಮನೆಗೆ ಪರಿಹಾರ, ಮತ್ತೆ ನೆಲೆಸಲು ನೆರವು ಸಿಗಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಬ್ಯಾಂಕಿನವರಿಗೆ ಹೇಳಿಯೂ ಪ್ರಯೋಜನವಾಗದಿದ್ದರೆ 1993ರಲ್ಲಿ ಶುರುವಾದ ಇನ್‌ಸ್ಪೆಕ್ಷನ್ ಪ್ಯಾನೆಲ್ ಇದೆ, ಬ್ಯಾಂಕಿನ ಮೇಲಿನ ದೂರು ಕೇಳುವ ಅದರದೇ ಸ್ವತಂತ್ರ ಸಮಿತಿ. ತೊಂದರೆಗೊಳಗಾದ ಇಬ್ಬರು ಸೇರಿದರೆ ಸಾಕು, ನಿಮ್ಮ ಭಾಷೆಯಲ್ಲೇ ಬರೆಯಬಹುದು, ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಆದರೆ ಪ್ಯಾನೆಲ್ ತನಿಖೆ ಮಾಡುತ್ತದೆ ಅಷ್ಟೇ, ಚೆಕ್ ಬರೆಯುವುದಿಲ್ಲ. ಯೋಜನೆ ಮುಗಿಯುವವರೆಗೆ ಸುಮ್ನೆ ಕಾಯಬೇಡಿ.

ಕಾದರೆ ಏನಾಗುತ್ತದೆ ಅಂತೀರಾ? ಗ್ವಾಟೆಮಾಲಾದ ಚಿಶೋಯ್ ಅಣೆಕಟ್ಟು ನೋಡಿ. ಅದಕ್ಕಾಗಿ ಜಾಗ ಬಿಡಲು ಒಪ್ಪದ ರಿಯೊ ನೆಗ್ರೊ ಊರಿನ ಜನರ ಕಗ್ಗೊಲೆಗಳೂ 1982ರಲ್ಲಿ ನಡೆದವು. ಸರ್ಕಾರ ಪರಿಹಾರಕ್ಕೆ ಅಧಿಕೃತವಾಗಿ ಒಪ್ಪಿ ಆದೇಶ ಹೊರಡಿಸಿದ್ದು 2014ರಲ್ಲಿ, ಸುಮಾರು 15.4 ಕೋಟಿ ಡಾಲರ್. ಅಷ್ಟರಲ್ಲಿ ಎಷ್ಟು ಜನ ತೀರಿಹೋಗಿದ್ದರೋ.

ಇನ್ನು ಸಹಿ. ಪಟ್ಟಿಯ ಪ್ರತಿ ಸಾಲೂ ಜೋರಾಗಿ ಓದಿಸಿ, ನಿಮ್ಮ ಫೈಲಿನ ಜೊತೆ ತಾಳೆ ನೋಡಿ. ಬಿಟ್ಟುಹೋಗಿದ್ದನ್ನು ಸಹಿಗಿಂತ ಮೇಲ್ಗಡೆಯೇ ಬರೆದು, ಆ ಪುಟದ ಫೋಟೋ ತೆಗೆದುಕೊಳ್ಳಿ. "ಬಾವಿ ಸೇರಿಲ್ಲ" ಅನ್ನುವ ಎರಡೇ ಪದ ಸಾಕಿತ್ತು ಅಪ್ಪನಿಗೆ.