ಪೆಟ್ರೋಲ್ ಮುಳ್ಳು ಒಂದೊಂದ್ಸಲ ಒಂದೊಂದು ತೋರಿಸುತ್ತಾ? ಹೀಗೆ ಚೆಕ್ ಮಾಡ್ಕೊಳ್ಳಿ

ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತೋವಾಗ ನಮ್ಮ ಕಾರಿನ ಪೆಟ್ರೋಲ್ ಮುಳ್ಳು ಕಾಲು ಗೆರೆಗಿಂತ ಕೆಳಗೆ ಇಳಿದುಬಿಟ್ಟಿತ್ತು, ಹಿಂದೆ ಕೂತಿದ್ದ ಅಮ್ಮ "ಪೆಟ್ರೋಲ್ ಇದ್ಯೇನೋ?" ಅಂತ ಎರಡು ಸಲ ಕೇಳಿದ್ರು. ಘಾಟಿ ಮೇಲಿನ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಬಂದು ಕೀ ತಿರುಗಿಸಿದ್ರೆ ಮುಳ್ಳು ಆರಾಮಾಗಿ ಕಾಲು ಗೆರೆ ಮೇಲೆ ನಿಂತಿದೆ! ನಡುವೆ ಒಂದು ಹನಿನೂ ಹಾಕಿಸಿರಲಿಲ್ಲ.

ಟ್ಯಾಂಕ್ ಒಳಗೆ ಒಂದು ಕಡ್ಡಿ ತುದಿಯಲ್ಲಿ ಫ್ಲೋಟ್ ತೇಲ್ತಾ ಇರುತ್ತೆ. ಅದು ಮೇಲೆ ಕೆಳಗೆ ಆದಂಗೆಲ್ಲ ಕಡ್ಡಿಯ ಇನ್ನೊಂದು ತುದಿ ಕರೆಂಟನ್ನ ತಡೆಯೋ ಒಂದು ರೆಸಿಸ್ಟೆನ್ಸ್ ಪಟ್ಟಿ ಮೇಲೆ ಉಜ್ಕೊಂಡು ಓಡಾಡುತ್ತೆ, ಅದರಲ್ಲಿ ಹರಿಯೋ ಕರೆಂಟಿನ ಲೆಕ್ಕದಲ್ಲಿ ಡ್ಯಾಶ್‌ಬೋರ್ಡಲ್ಲಿ ಮುಳ್ಳು ಆಡುತ್ತೆ. ಅಂದ್ರೆ ಅದು ಅಳೆಯೋದು ಪೆಟ್ರೋಲಿನ ಎತ್ತರ, ಲೀಟರ್ ಅಲ್ಲ. ಏರಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯುತ್ತೆ, ತಿರುವಲ್ಲಿ ಪಕ್ಕಕ್ಕೆ, ಫ್ಲೋಟ್ ಎಲ್ಲಿದೆ ಅನ್ನೋದರ ಮೇಲೆ ಜಾಸ್ತಿ ಅಥವಾ ಕಮ್ಮಿ ತೋರಿಸುತ್ತೆ. ಇನ್ನು ಟ್ಯಾಂಕಿನ ಆಕಾರ ನೋಡಿ, ಚೌಕಾಕಾರದ ಡಬ್ಬ ಅಲ್ಲ ಅದು, ಹಿಂದಿನ ಸೀಟಿನ ಕೆಳಗೆ ಸಿಕ್ಕ ಜಾಗಕ್ಕೆ ತಕ್ಕಂಗೆ ಉಬ್ಬಿ ತಗ್ಗಿ ಇರುತ್ತೆ. ಚೊಂಬಿನ ಕತ್ತಲ್ಲಿ ಒಂದು ಇಂಚು ನೀರು ಅಂದ್ರೆ ಸ್ವಲ್ಪ, ಹೊಟ್ಟೆಯಲ್ಲಿ ಒಂದು ಇಂಚು ಅಂದ್ರೆ ಎಷ್ಟೊಂದು, ಹಾಗೇ ಇದೂ.

ಹಾಗಾಗಿ ನಿಮ್ಮ ಕಾರಿನ ಮುಳ್ಳನ್ನ ನೀವೇ ಅಳೆದು ಇಟ್ಕೊಳ್ಳೋದು ಒಳ್ಳೇದು. ಮೊದಲು ಸಮತಟ್ಟಾದ ಬಂಕ್ ನೋಡಿ, ಎಂಜಿನ್ ಮಾತ್ರ ಅಲ್ಲ ಕೀ ಪೂರ್ತಿ ಆಫ್ ಮಾಡಿ. ಇದು ಸೇಫ್ಟಿಗೂ ಬೇಕು, ಜೊತೆಗೆ ಪೆಟ್ರೋಲ್ ಕುಲುಕಿದಾಗೆಲ್ಲ ಮುಳ್ಳು ಕುಣೀಬಾರದು ಅಂತ ಈಗಿನ ಕಾರುಗಳು ರೀಡಿಂಗನ್ನ ನಿಧಾನವಾಗಿ ಬದಲಾಯಿಸ್ತವೆ, ಕೀ ಆನ್ ಇಟ್ಟು ಹಾಕಿಸಿದ್ರೆ ಎಷ್ಟೋ ಕಾರಲ್ಲಿ ಮುಳ್ಳು ತಡವಾಗಿ ಏರುತ್ತೆ. ಪಂಪ್ ತಾನಾಗೇ ಕಟ್ ಆಗೋವರೆಗೂ ಹಾಕಿಸಿ, ಆಮೇಲೆ ರೌಂಡ್ ಫಿಗರಿಗೆ ಅಂತ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡ್ಕೊಳ್ಳಿ.

ಆಮೇಲೆ ಓಡಿಸ್ತಾ ಹೋಗಿ, ಮುಕ್ಕಾಲು, ಅರ್ಧ, ಕಾಲು, ಪೆಟ್ರೋಲ್ ಕಮ್ಮಿ ಅನ್ನೋ ದೀಪ ಹತ್ತಿದಾಗ, ಪ್ರತಿ ಸಲನೂ ಗಾಡಿ ನಿಲ್ಲಿಸಿ ಕಿಲೋಮೀಟರ್ ಬರ್ಕೊಳ್ಳಿ. ದೀಪ ಹತ್ತಿದ ತಕ್ಷಣ ಅದೇ ಬಂಕಲ್ಲಿ ಮತ್ತೆ ಆಟೋ ಕಟ್ ವರೆಗೂ ಹಾಕಿಸಿ. ನನ್ನ ಕಾರಲ್ಲಿ ಫುಲ್‌ನಿಂದ ಅರ್ಧಕ್ಕೆ 290 ಕಿಲೋಮೀಟರ್ ಬಂತು, ಅಲ್ಲಿಂದ ದೀಪಕ್ಕೆ ಬರೀ 210! ಟ್ಯಾಂಕ್ ಖಾಲಿ ಆಗೋ ಮೊದಲೇ ದೀಪ ಹತ್ತುತ್ತೆ, ಅದಕ್ಕೇ ಈ ವ್ಯತ್ಯಾಸ. ಇನ್ನು ಎಷ್ಟೋ ಕಾರಲ್ಲಿ ಟ್ಯಾಂಕ್ ತುಂಬೋ ಮೊದಲೇ ಫ್ಲೋಟ್ ಮೇಲಕ್ಕೆ ಹೋಗಿ ತಡೆದು ನಿಲ್ಲುತ್ತೆ, ಹಾಗಾಗಿ ಮೊದಮೊದಲು ಮುಳ್ಳು ಅಲ್ಲಾಡಲ್ಲ. 35 ಲೀಟರ್ ಟ್ಯಾಂಕಿಗೆ 29.5 ಲೀಟರ್ ಹಿಡೀತು, ಅಂದ್ರೆ ದೀಪ ಹತ್ತಿದಾಗ ಸುಮಾರು ಐದೂವರೆ ಲೀಟರ್ ಇತ್ತು.

ಇನ್ನೆಷ್ಟು ಕಿಲೋಮೀಟರ್ ಹೋಗುತ್ತೆ ಅಂತ ಸ್ಕ್ರೀನಲ್ಲಿ ಬರೋ ನಂಬರನ್ನ ಘಾಟಿಯಲ್ಲಿ ನಂಬಬೇಡಿ, ಅದು ಇತ್ತೀಚಿನ ಮೈಲೇಜ್ ಹಿಡಿದು ಲೆಕ್ಕ ಹಾಕುತ್ತೆ, ಇಳಿಜಾರಲ್ಲಿ ಕಮ್ಮಿ ಆಗೋ ಬದಲು ಜಾಸ್ತಿನೂ ಆಗಬಹುದು.

ಸಮತಟ್ಟು ರೋಡಲ್ಲೂ ಮುಳ್ಳು ಪಟಪಟ ಅಂತ ಹಾರಿದ್ರೆ, ಪ್ರತಿ ಸಲ ಒಂದೇ ಜಾಗದಲ್ಲಿ ಸತ್ತು ಮತ್ತೆ ಎದ್ರೆ ಮಾತ್ರ ಅದು ರಿಪೇರಿ. ಟ್ಯಾಂಕ್ ಒಳಗಿನ ಆ ರೆಸಿಸ್ಟೆನ್ಸ್ ಪಟ್ಟಿ ಸವೆದಿರಬಹುದು, ಕನೆಕ್ಟರ್ ಲೂಸ್ ಇರಬಹುದು, ಅರ್ತ್ ವೈರ್ ತುಕ್ಕು ಹಿಡಿದಿರಬಹುದು. ನನಗೆ ಒಂದು ಗ್ಯಾರೇಜಲ್ಲಿ ಪೂರ್ತಿ ಮೀಟರ್ ಸೆಟ್ಟೇ ಬದಲಾಯಿಸಬೇಕು ಅಂದ್ರು, ಬೇರೆ ಕಡೆ ತೋರಿಸಿದಾಗ ಆ ಮೆಕ್ಯಾನಿಕ್ ಹಿಂದಿನ ಸೀಟ್ ಎತ್ತಿ, ಹಸಿರು ಕಟ್ಟಿದ್ದ ಅರ್ತ್ ತುದಿಯನ್ನ ಉಜ್ಜಿ ಬಿಗಿ ಮಾಡಿದ್ರು, ಸರಿಹೋಯ್ತು. ಮೀಟರಿಗೆ ದುಡ್ಡು ಕೊಡೋ ಮೊದಲು "ವೈರಿಂಗ್, ಟ್ಯಾಂಕ್ ಯೂನಿಟ್ ಚೆಕ್ ಮಾಡಿದ್ರಾ?" ಅಂತ ಕೇಳಿ, ಟ್ಯಾಂಕ್ ಯೂನಿಟ್ ಅಂದ್ರೆ ಆ ಫ್ಲೋಟ್, ಪಟ್ಟಿ ಇರೋ ಭಾಗ. ಆದ್ರೆ ದಯವಿಟ್ಟು ಟ್ಯಾಂಕ್ ಯೂನಿಟ್ ಮನೇಲಿ ನೀವೇ ಬಿಚ್ಚಬೇಡಿ, ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಇನ್ನೊಂದು ಮಾತು, ಈಗಿನ ಪೆಟ್ರೋಲ್ ಕಾರಲ್ಲಿ ಫ್ಯೂಯಲ್ ಪಂಪ್ ಟ್ಯಾಂಕ್ ಒಳಗೇ ಇರುತ್ತೆ, ಅದನ್ನ ತಣ್ಣಗೆ ಇಡೋದೂ ಪೆಟ್ರೋಲೇ. ಹಾಗಾಗಿ ದೀಪ ಹತ್ತಿಸ್ಕೊಂಡು ಓಡಾಡೋದು ಈ ಲೆಕ್ಕಕ್ಕೆ ಒಂದು ಸಲ ಸಾಕು. ಘಾಟಿ ಹತ್ತೋದಿದ್ರೆ ನಾನಂತೂ ಈಗ ಅರ್ಧಕ್ಕೆ ಬಂದಾಗಲೇ ಉಜಿರೆಯಲ್ಲಿ ಹಾಕಿಸ್ಕೊಂಡು ಹೊರಡ್ತೀನಿ.